ಸಂಜೆ ಏಳಕ್ಕೆ ಎಲ್ಲಿಗೆ ಹೋಗೋದು?

ಕುಡಿತ ಬಿಡುವಾಗ ನನಗೆ ಇಡೀ ದಿನವೂ ಕಷ್ಟ ಇರಲಿಲ್ಲ. ಕಷ್ಟ ಇದ್ದದ್ದು ಸಂಜೆ ಆರೂವರೆಯಿಂದ ಒಂಬತ್ತರವರೆಗೆ. ಪೀಣ್ಯದಲ್ಲಿ ಲೇತ್ ಕೆಲಸ ಮುಗಿಸಿ ಗೇಟು ದಾಟಿದರೆ ಕಾಲು ತಾನಾಗಿಯೇ ವೈನ್ ಶಾಪ್ ಕಡೆ ತಿರುಗುತ್ತಿತ್ತು. ಕುಡಿತ ಬಿಡೋಕೆ ಕುಡುಕರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್, ನಮ್ಮ ಬಾಯಲ್ಲಿ ಎ.ಎ. ಹಾಗಾಗಿ ಇದರ ಮೀಟಿಂಗ್ ಹುಡುಕುವಾಗ ನಾನು ಮೊದಲು ನೋಡಿದ್ದು ಸಮಯ. ಗುಂಪು ಹೇಗಿದೆ ಅನ್ನೋದು ಆಮೇಲೆ.

ಅದಕ್ಕೂ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ದಿನಾ ಜಾಸ್ತಿ ಕುಡಿಯುವವರು ಇದ್ದಕ್ಕಿದ್ದಂತೆ ತಾವೇ ನಿಲ್ಲಿಸಬಾರದು. ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಪ್ರಾಣಕ್ಕೂ ಅಪಾಯ. ನನಗೆ ಬೆಳಿಗ್ಗೆ ಕಾಫಿ ಲೋಟ ಹಿಡಿಯಲಾರದಷ್ಟು ಕೈ ನಡುಕ. ಅಡ್ಮಿಟ್ ಮಾಡಿಕೊಂಡು, ಮಾತ್ರೆ, ಥಯಾಮಿನ್ ಇಂಜೆಕ್ಷನ್ ಕೊಟ್ಟು ಡಾಕ್ಟರು ಆ ಹಂತ ದಾಟಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ 14446ಕ್ಕೆ ಫೋನ್ ಮಾಡಬಹುದು. ವ್ಯಸನ ಬಿಡಿಸುವುದಕ್ಕೆಂದೇ ಇರುವ ಉಚಿತ ಸಹಾಯವಾಣಿ ಅದು.

ಡಿಸ್ಚಾರ್ಜ್ ಆಗುವಾಗ ಕೌನ್ಸೆಲರ್ ಎ.ಎ. ಮೀಟಿಂಗ್ ನಡೆಯುವ ಜಾಗಗಳ ಒಂದು ಪಟ್ಟಿ ಕೊಟ್ಟರು. ಹತ್ತಿರದ ಜಾಗಕ್ಕೆ ಹೋದರೆ ಬೀಗ. ಗುಂಪು ಬೇರೆ ಕಡೆ ಹೋಗಿ ಎಷ್ಟೋ ದಿನ ಆಗಿತ್ತಂತೆ. ಬಾಗಿಲು ಹಾಕಿದ ರೂಮಿನ ಮುಂದೆ ಏಳು ಗಂಟೆಗೆ ನಿಲ್ಲೋದು ನಮ್ಮಂಥವರಿಗೆ ಒಳ್ಳೆಯದಲ್ಲ. ಅವತ್ತಿನಿಂದ ಮೊದಲು ಫೋನ್, ಆಮೇಲೆ ಬಸ್ಸು. ಫೋನಲ್ಲಿ ಕೇಳಬೇಕಾದ್ದು ಇಷ್ಟೇ: ಇವತ್ತು ಮೀಟಿಂಗ್ ಇದೆಯಾ, ಯಾವ ಭಾಷೆ, ಓಪನ್ನಾ ಕ್ಲೋಸ್ಡಾ. ಓಪನ್ ಅಂದರೆ ಮನೆಯವರೂ ಬಂದು ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ.

ತುಂಬ ಗುಂಪುಗಳು ಚರ್ಚಿನ ಆವರಣದಲ್ಲೋ ಶಾಲೆಯ ರೂಮಿನಲ್ಲೋ ಸೇರುತ್ತವೆ. ನಮ್ಮಮ್ಮ, 'ಏನೋ, ಜಾತಿ ಕೆಡಿಸ್ತಾರೇನೋ?' ಅಂತ ಗಾಬರಿಯಾಗಿದ್ದರು. ರೂಮಷ್ಟೇ ಅವರದು ಕಣಮ್ಮಾ ಅಂದೆ. ಫೀಸಿಲ್ಲ, ಹೆಸರು ಬರೆಸೋದಿಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು. ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ, ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಖರ್ಚೆಲ್ಲ ಅದರಲ್ಲೇ. ಹೊರಗಿನವರ ದುಡ್ಡು ತೆಗೆದುಕೊಳ್ಳೋದಿಲ್ಲ.

ನಾನು ಮೊದಲು ಕೂತ ಗುಂಪು ಇಂಗ್ಲಿಷಿನದು. ಜನ ಒಳ್ಳೆಯವರು, ಆದರೆ ಎಲ್ಲರೂ ನಕ್ಕಮೇಲೆ ನಾನು ನಗುತ್ತಿದ್ದೆ. ಅಲ್ಲಿದ್ದ ಹಿರಿಯರೊಬ್ಬರು ತಾವೇ ಕನ್ನಡ ಗುಂಪಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಆಟೋ ಡ್ರೈವರ್ ಎದ್ದು ನಿಂತು, ಹೆಂಡತಿ ಗ್ಯಾಸಿಗೆ ಅಂತ ಇಟ್ಟಿದ್ದ ದುಡ್ಡಲ್ಲಿ ಕ್ವಾರ್ಟರ್ ಹೊಡೆದದ್ದನ್ನು ಹೇಳಿದ. ನಮ್ಮನೆಯಲ್ಲಿ ಅದು ಚೀಟಿ ದುಡ್ಡು, ಅಷ್ಟೇ ವ್ಯತ್ಯಾಸ. ಒಬ್ಬರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕೋದಿಲ್ಲ, ಬುದ್ಧಿ ಹೇಳೋದಿಲ್ಲ. ಮನೆಯಲ್ಲಿ, ಫ್ಯಾಕ್ಟರಿಯಲ್ಲಿ ಬೇಕಾದಷ್ಟು ಬುದ್ಧಿ ಕೇಳಿಸಿಕೊಂಡವನಿಗೆ ಇದೇ ದೊಡ್ಡ ಆರಾಮ. ನನ್ನ ಸರದಿ ಬಂದಾಗ 'ಇವತ್ತು ಸುಮ್ನೆ ಕೇಳ್ತೀನಿ' ಅಂದೆ. ಯಾರೂ ಒತ್ತಾಯ ಮಾಡಲಿಲ್ಲ.

ಆ ಹಿರಿಯರೇ ನನ್ನ ಸ್ಪಾನ್ಸರ್ ಆದರು, ಅಂದರೆ ಹೊಸಬನ ಕೈ ಹಿಡಿದು ನಡೆಸುವ ಹಳೆಯ ಸದಸ್ಯರು. ದಿನಾ ಆರು ಗಂಟೆಗೆ ಫೋನ್ ಮಾಡು ಅಂದರು. ಮಾಡಿದರೆ ಅವರ ಮೊದಲ ಪ್ರಶ್ನೆ, 'ಏನಪ್ಪಾ, ಏನಾದ್ರೂ ತಿಂದ್ಯಾ?' ಖಾಲಿ ಹೊಟ್ಟೆಯಲ್ಲಿ ಆಸೆ ಜಾಸ್ತಿ, ಅದು ನಿಜ. ಗೇಟಿನ ಪಕ್ಕದ ಗಾಡಿಯಲ್ಲಿ ಎರಡು ಇಡ್ಲಿ ತಿಂದು ಬಸ್ಸು ಹತ್ತುತ್ತಿದ್ದೆ. ಎ.ಎ. ಶುರುವಾದದ್ದೂ ಒಂದು ಫೋನಿನಿಂದಲೇ ಅಂತ ಅವರೇ ಹೇಳಿದ್ದು. 1935ರಲ್ಲಿ ಬಿಲ್ ಅನ್ನುವವರು ಅಮೆರಿಕದ ಏಕ್ರನ್ ಊರಿಗೆ ವ್ಯವಹಾರಕ್ಕೆ ಹೋಗಿ, ಅದು ಕೈಕೊಟ್ಟು, ಹೋಟೆಲಿನಲ್ಲಿ ನಿಂತಿದ್ದರು. ಬಾರ್ ಎದುರಿಗೇ ಇತ್ತು. ಅವರು ಬಾರಿಗೆ ಹೋಗದೆ, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ಚರ್ಚಿನವರಿಗೆ ಫೋನ್ ಮಾಡಿದರು. ಹಾಗೆ ಸಿಕ್ಕಿದ್ದು ಡಾಕ್ಟರ್ ಬಾಬ್.

ಊರಿನ ಕಥೆ ಬೇರೆ. ತುಮಕೂರು ಕಡೆಯ ನಮ್ಮ ಹಳ್ಳಿಯಲ್ಲಿ ಎ.ಎ. ಇಲ್ಲ. ಅಲ್ಲಿ ನಮ್ಮ ಭಾವ ಬಿಟ್ಟಿದ್ದು ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿ ಅಂತ ಬಿಟ್ಟವರೆಲ್ಲ ಸೇರುತ್ತಾರೆ. ಹಬ್ಬಕ್ಕೆ ಹೋದಾಗ ನಾನೂ ಹೋಗಿ ಕೂರುತ್ತೇನೆ. ನಮ್ಮ ಎ.ಎ.ಯಲ್ಲಿ ಹೆಸರು ಹೊರಗೆ ಹೋಗಬಾರದು ಅನ್ನೋದೇ ಮುಖ್ಯ. ಅಲ್ಲಿ ಊರಿಗೆಲ್ಲ ಗೊತ್ತು, ಮನೆಯವರೂ ಜೊತೆಗೆ. ಭಾವನಿಗೆ ಕುಡಿಯೋಣ ಅನ್ನಿಸಿದರೂ ಬಾರಿನವನೇ 'ಅಣ್ಣಾ, ನೀವು ಬಿಟ್ಟಿದ್ರಿ ಅಲ್ವಾ?' ಅಂತಾನೆ. ಬೆಂಗಳೂರಿನಲ್ಲಿ ನನ್ನನ್ನು ಹಾಗೆ ಕೇಳುವವರಿಲ್ಲ. ನನಗೆ ಎ.ಎ. ಸರಿ, ಅವನಿಗೆ ಅದು ಸರಿ.

ನೈಟ್ ಶಿಫ್ಟ್ ಇದ್ದ ವಾರ ಮೊಬೈಲಿನಲ್ಲೇ ಆನ್‌ಲೈನ್ ಮೀಟಿಂಗ್ ಕೇಳುತ್ತೇನೆ. ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಮೀಟಿಂಗ್ ಮುಗಿದ ಮೇಲೆ ಟೀ ಕುಡಿಯುತ್ತಾ ಮೆಟ್ಟಿಲ ಮೇಲೆ ಆಡುವ ಮಾತು ಅದರಲ್ಲಿ ಸಿಗೋದಿಲ್ಲ. ಮನೆಯವಳು ಈಗ ಅಲ್-ಅನಾನ್‌ಗೆ ಹೋಗುತ್ತಾಳೆ. ಅದು ಕುಡಿಯುವವರ ಮನೆಯವರದ್ದೇ ಬೇರೆ ಗುಂಪು. ಅಲ್ಲಿ ಏನು ಮಾತಾಡುತ್ತಾರೋ ನನಗೆ ಹೇಳೋದಿಲ್ಲ. ನಾನೂ ಕೇಳೋದಿಲ್ಲ. ಅವಳ ಮೀಟಿಂಗ್ ಇದ್ದ ದಿನ ಅಡುಗೆ ನನ್ನದು.