ಕಿಟಕಿ ಕೆಳಗಿನ ಗೋಡೆ ಒದ್ದೆಯಾಗದಂತೆ ಚೌಕಟ್ಟು ಕೂರಿಸುವುದು ಹೇಗೆ?

ಜೋರು ಮಳೆಯ ಮರುದಿನ ಕಿಟಕಿಯ ಕೆಳಮೂಲೆಯಲ್ಲಿ ಬಣ್ಣ ಉಬ್ಬಿ, ಅಂಗೈ ಅಗಲದ ಕಪ್ಪು ಕಲೆ ಮೂಡಿರುತ್ತದೆ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ: ಸಿಲಿಕೋನ್ ಟ್ಯೂಬ್ ತಂದು ಹೊರಗಿನಿಂದ ಚೌಕಟ್ಟಿನ ನಾಲ್ಕೂ ಸುತ್ತ ಬಳಿಯುವುದು. ಮುಂದಿನ ಮಳೆಗೆ ಕಲೆ ಇನ್ನೂ ಹರಡುತ್ತದೆ. ನೀರು ಒಳಗೆ ಬರುತ್ತಿದ್ದ ಸಂದು ಬೇರೆಲ್ಲೋ ಇತ್ತು. ಮುಚ್ಚಿಹೋಗಿದ್ದು ನೀರು ಹೊರಗೆ ಹೋಗುತ್ತಿದ್ದ ದಾರಿ.

ಮಳೆನೀರು ಗೋಡೆ ದಾಟಲು ಮೂರು ಸಂಗತಿ ಒಟ್ಟಿಗೆ ಸೇರಬೇಕು: ಗೋಡೆಯ ಮೇಲೆ ನೀರು, ಒಂದು ಸಂದು, ಸಂದಿನೊಳಕ್ಕೆ ನೀರನ್ನು ನೂಕುವ ಬಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಿ.ಕೆ. ಗಾರ್ಡನ್ 1963ರಲ್ಲಿ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ಮಳೆ ನಮ್ಮ ಕೈಯಲ್ಲಿಲ್ಲ. ಸಂದು ಎಷ್ಟು ಮುಚ್ಚಿದರೂ ಬಿಸಿಲಿಗೆ ಹಿಗ್ಗಿ ಕುಗ್ಗಿ ಎಲ್ಲೋ ಒಂದು ಕಡೆ ಬಾಯಿಬಿಡುತ್ತದೆ. ಹಾಗಾಗಿ ನಾವು ಕೈಹಾಕಬೇಕಾದದ್ದು ಬಲದ ಮೇಲೆ. ಗಾಳಿ ನುಗ್ಗದಂತೆ ಒಳಬದಿಯಲ್ಲಿ ಬಿಗಿಯಾಗಿ ಮುಚ್ಚಿ, ಹೊರಬದಿಯ ಕೆಳಭಾಗವನ್ನು ತೆರೆದಿಟ್ಟರೆ, ಚೌಕಟ್ಟಿನ ಸುತ್ತಲಿನ ಸಂದಿನಲ್ಲೂ ಹೊರಗಿನಷ್ಟೇ ಒತ್ತಡ ಇರುತ್ತದೆ. ನೂಕುವವರಿಲ್ಲದ ನೀರು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಹೊರಗೆ ಹೋಗುತ್ತದೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಅಲ್ಯೂಮಿನಿಯಂ ಇಲ್ಲವೇ ಯುಪಿವಿಸಿ ಕಿಟಕಿ ಕೂರಿಸುವಾಗ ಈ ಲೆಕ್ಕ ಹೇಗೆ ಕೆಲಸಕ್ಕೆ ಬರುತ್ತದೆ, ನೋಡೋಣ.

ಮೊದಲು ಬಾಯಿ ಸರಿಮಾಡಿಕೊಳ್ಳಿ

ಗೋಡೆಯ ಬಾಯಿ ಚೌಕಟ್ಟಿಗಿಂತ ಎಡ, ಬಲ, ಮೇಲೆ ತಲಾ 10 ಮಿ.ಮೀ. ದೊಡ್ಡದಿರಲಿ. ಕರ್ಣಗಳೆರಡನ್ನೂ ಅಳೆಯಿರಿ. ವ್ಯತ್ಯಾಸ 5 ಮಿ.ಮೀ. ದಾಟಿದ್ದರೆ ಗಾರೆಯಿಂದ ಸರಿಪಡಿಸಿ. ಪಕ್ಕಗಳ ಪ್ಲಾಸ್ಟರ್ ಚೌಕಟ್ಟು ಬರುವ ಮೊದಲೇ ಮುಗಿದು ಒಣಗಿರಬೇಕು, ಯಾಕೆಂದರೆ ಹಸಿ ಗಾರೆಗೆ ಸೀಲಂಟ್ (ಸಂದು ಮುಚ್ಚುವ ಅಂಟು) ಹಿಡಿಯುವುದಿಲ್ಲ. ಒಣಗಿದೆಯೇ ಎಂಬ ಅನುಮಾನವಿದ್ದರೆ ಒಂದು ತುಂಡು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚುಗಳಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು.

ಸಿಲ್: ಇಡೀ ಕೆಲಸ ನಿಂತಿರುವುದು ಇಲ್ಲಿ

ಕಿಟಕಿ ಸೋರಿಕೆಯಲ್ಲಿ ನೋಡಸಿಗುವ ತಪ್ಪುಗಳಲ್ಲಿ ಹೆಚ್ಚಿನವು ಸಿಲ್‌ನಲ್ಲೇ, ಅಂದರೆ ಚೌಕಟ್ಟು ಕೂರುವ ಕೆಳಗಿನ ಹಾಸಿನಲ್ಲೇ, ಇರುತ್ತವೆ. ಮಟ್ಟಸವಾದ ಸಿಲ್ ನೋಡಲು ಚೆಂದ, ಆದರೆ ನೀರಿಗೆ ಅದು ತಂಗುದಾಣ. ಹೊರಕ್ಕೆ 10ಕ್ಕೆ 1ರಂತೆ ವಾಟ ಕೊಡಿ. ಅಂದರೆ 100 ಮಿ.ಮೀ. ಅಗಲಕ್ಕೆ 10 ಮಿ.ಮೀ. ಇಳಿತ. ಈ ವಾಟ ಚೌಕಟ್ಟಿನ ಅಡಿಯಿಂದಲೇ ಶುರುವಾಗಬೇಕು. ಚೌಕಟ್ಟಿನ ಮುಂದೆ ಮಾತ್ರ ವಾಟ ಕೊಟ್ಟು ಅಡಿಯಲ್ಲಿ ಮಟ್ಟಸ ಬಿಟ್ಟರೆ ಒಳಗೆ ಇಳಿದ ನೀರು ಅಲ್ಲೇ ನಿಲ್ಲುತ್ತದೆ.

ಸಿಲ್‌ನ ಒಳ ಅಂಚಿನಲ್ಲಿ ಒಂದು ಏರುಕಟ್ಟೆ ಬೇಕು. ಅದರ ಎತ್ತರ ಎಷ್ಟಿರಬೇಕು ಎಂಬುದನ್ನು ಗಾಳಿಯೇ ಹೇಳುತ್ತದೆ. 10 ಪ್ಯಾಸ್ಕಲ್ ಒತ್ತಡ ನೀರನ್ನು ಸುಮಾರು 1 ಮಿ.ಮೀ. ಮೇಲೆತ್ತುತ್ತದೆ. ಗಂಟೆಗೆ 72 ಕಿ.ಮೀ. ವೇಗದ ಗಾಳಿ ಗೋಡೆಗೆ ಬಡಿದಾಗ ಸುಮಾರು 240 ಪ್ಯಾಸ್ಕಲ್ ಒತ್ತಡ ಹುಟ್ಟುತ್ತದೆ, ಅಂದರೆ 24 ಮಿ.ಮೀ. ಎತ್ತರದ ನೀರು. 80 ಕಿ.ಮೀ. ಗಾಳಿಗೆ ಅದು 30 ಮಿ.ಮೀ. ಆಗುತ್ತದೆ. 10 ಮಿ.ಮೀ. ಕಟ್ಟೆ ಹಾಕಿದ ಕಿಟಕಿ ಸಣ್ಣ ಮಳೆಗೆಲ್ಲ ಗಟ್ಟಿಯಾಗಿದ್ದು, ಗಾಳಿಮಳೆಯ ದಿನ ಮಾತ್ರ ಸೋರುವುದು ಇದಕ್ಕೇ. ಹಾಗಾಗಿ ಕಟ್ಟೆ 30 ಮಿ.ಮೀ.ಗಿಂತ ಕಡಿಮೆ ಬೇಡ. ಎತ್ತರದ ಮಹಡಿಗಳಲ್ಲಿ ಗಾಳಿಯ ಹೊಡೆತ ಇನ್ನೂ ಜೋರು, ಅಲ್ಲಿ ಕಟ್ಟೆಯೂ ಹೆಚ್ಚಬೇಕು.

ಸಿಲ್‌ನ ಮುಂದಂಚು ಗೋಡೆಯ ಹೊರಮೈಯಿಂದ 40 ಮಿ.ಮೀ. ಆಚೆ ಚಾಚಲಿ. ಅದರ ಅಡಿಯಲ್ಲಿ, ಅಂಚಿನಿಂದ 15–20 ಮಿ.ಮೀ. ಒಳಗೆ, 10 ಮಿ.ಮೀ. ಅಗಲ ಮತ್ತು ಅಷ್ಟೇ ಆಳದ ತೋಡು ಕೊರೆಯಿರಿ. ಅಡಿಮೈಗೆ ಅಂಟಿಕೊಂಡು ಗೋಡೆಯ ಕಡೆ ಹರಿದುಬರುವ ನೀರು ಆ ತೋಡು ದಾಟಲಾರದೆ ಹನಿಯಾಗಿ ಕೆಳಗೆ ಬೀಳುತ್ತದೆ. ಸಿಲ್‌ನ ಎಡಬಲ ತುದಿಗಳಲ್ಲೂ ಪುಟ್ಟ ಕಟ್ಟೆ ಇರಲಿ, ಇಲ್ಲದಿದ್ದರೆ ನೀರು ಪಕ್ಕದ ಇಟ್ಟಿಗೆಗೆ ನುಗ್ಗುತ್ತದೆ. ಸಿಲ್‌ಗೆ ಕಲ್ಲಿನ ಹಾಸು ಹಾಕುವವರಿಗೂ ಇವೆಲ್ಲ ಅನ್ವಯಿಸುತ್ತವೆ.

ಜಲನಿರೋಧಕ ಲೇಪನ

ಮೂಲೆಗಳನ್ನು ಗಾರೆಯಿಂದ ಸ್ವಲ್ಪ ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಲೇಪನ ತೆಳುವಾಗಿ ಬಿರಿಯುತ್ತದೆ. ಸಿಮೆಂಟ್ ಮತ್ತು ಅಕ್ರಿಲಿಕ್ ಬೆರೆತ ಲೇಪನವನ್ನು ಎರಡು ಸಲ ಹಚ್ಚಿ. ಮೊದಲನೆಯದು ಅಡ್ಡಕ್ಕೆ, ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಮೂಲೆಗಳಲ್ಲಿ ಎರಡರ ನಡುವೆ ಬಲೆಬಟ್ಟೆ ಕೂರಿಸಿ. ಲೇಪನ ಏರುಕಟ್ಟೆಯ ನೆತ್ತಿಯನ್ನು ದಾಟಬೇಕು, ಎರಡೂ ಪಕ್ಕಗಳಲ್ಲಿ 150 ಮಿ.ಮೀ. ಮೇಲೇರಬೇಕು. ಲೇಪನದ ಬದಲು ಅಂಟಿಸುವ ಜಲನಿರೋಧಕ ಪಟ್ಟಿ ಬಳಸುವುದಾದರೆ ಹೆಂಚು ಹೊದಿಸುವ ಕ್ರಮವೇ ಇಲ್ಲೂ: ಕೆಳಗಿನಿಂದ ಶುರುಮಾಡಿ, ಮೇಲಿನ ಪಟ್ಟಿ ಕೆಳಗಿನದರ ಮೇಲೆ ಬರಲಿ. ಒಂದೇ ಒಂದು ಪಟ್ಟಿ ಉಲ್ಟಾ ಆದರೂ ಅದು ನೀರನ್ನು ಹಿಡಿದು ಗೋಡೆಯೊಳಕ್ಕೆ ಬಿಡುತ್ತದೆ.

ಪೂರ್ತಿ ಒಣಗಿದ ಮೇಲೆ ಏರುಕಟ್ಟೆಯ ಬುಡಕ್ಕೆ ಒಂದು ಲೀಟರ್ ನೀರು ಸುರಿದು ನೋಡಿ. ಎಲ್ಲವೂ ಹೊರಗೆ ಹರಿದುಹೋಗಬೇಕು.

ಚೌಕಟ್ಟು ಕೂರಿಸುವುದು

ಚೌಕಟ್ಟಿನಡಿ ಅಲ್ಲಲ್ಲಿ ಬೆಣೆಯಾಕಾರದ ಪ್ಲಾಸ್ಟಿಕ್ ಪ್ಯಾಕಿಂಗ್ ಇಟ್ಟು ರಸಮಟ್ಟ ನೋಡಿ. ಪ್ಯಾಕಿಂಗ್‌ಗಳ ನಡುವೆ ನೀರು ಹರಿಯಲು ಜಾಗ ಬಿಡಿ. ಚೌಕಟ್ಟಿನ ಬೆನ್ನಿಗೂ ಏರುಕಟ್ಟೆಗೂ ನಡುವೆ 10 ಮಿ.ಮೀ. ಅಂತರವಿರಲಿ. ಸ್ಕ್ರೂಗಳು ಪಕ್ಕಗಳಲ್ಲಿ ಮತ್ತು ಮೇಲ್ಭಾಗದಲ್ಲಿ ಮಾತ್ರ: ಮೂಲೆಯಿಂದ 150 ಮಿ.ಮೀ.ಗೆ ಮೊದಲನೆಯದು, ಆಮೇಲೆ 600 ಮಿ.ಮೀ. ಮೀರದ ಅಂತರ. ಸಿಲ್‌ಗೆ ಡ್ರಿಲ್ ಹಾಕಲೇಬೇಡಿ. ಇಷ್ಟು ಜತನದಿಂದ ಮಾಡಿದ ಲೇಪನಕ್ಕೆ ನಾವೇ ತೂತು ಕೊರೆದಂತಾಗುತ್ತದೆ. ಚೌಕಟ್ಟಿನ ಕೆಳಗಂಬಿಯಲ್ಲಿರುವ ನೀರುಕಿಂಡಿಗಳು ಹೊರಮುಖವಾಗಿವೆಯೇ, ಗಾರೆ ಮೆತ್ತಿಕೊಂಡಿಲ್ಲವೇ ಎಂದು ಈಗಲೇ ನೋಡಿಬಿಡಿ.

ಒಳಗೆ ನಾಲ್ಕು ಬದಿ, ಹೊರಗೆ ಮೂರೇ

ಒಳಬದಿಯಲ್ಲಿ ನಾಲ್ಕೂ ಸುತ್ತ ಗಾಳಿ ತಡೆಯುವ ಸೀಲಂಟ್ ಬರಬೇಕು. ಕೆಳಗೆ ಅದು ಚೌಕಟ್ಟಿನ ಬೆನ್ನಿಗೂ ಏರುಕಟ್ಟೆಗೂ ನಡುವೆ ಕೂರುತ್ತದೆ. 10 ಮಿ.ಮೀ. ಸಂದಿಗೆ 13 ಮಿ.ಮೀ. ದಪ್ಪದ ಫೋಮ್ ಹಗ್ಗ, ಅಂದರೆ ಬ್ಯಾಕರ್ ರಾಡ್, ಒತ್ತಿ ತುರುಕಿ. ಅದರ ಮೇಲೆ ಸೀಲಂಟ್‌ನ ದಪ್ಪ ಸಂದಿನ ಅಗಲದ ಅರ್ಧ, ಅಂದರೆ ಸುಮಾರು 5 ಮಿ.ಮೀ. ಸಾಕು. ಹಗ್ಗವಿಲ್ಲದೆ ಸಂದು ತುಂಬ ಸೀಲಂಟ್ ಹಿಂಡಿದರೆ ಅದು ಎರಡು ಪಕ್ಕಕ್ಕಲ್ಲದೆ ತಳಕ್ಕೂ ಅಂಟುತ್ತದೆ. ಬಿಸಿಲಿಗೆ ಚೌಕಟ್ಟು ಸರಿದಾಗ ಹಿಗ್ಗಲು ಜಾಗವಿಲ್ಲದೆ ನಡುವೆ ಸೀಳಿಹೋಗುತ್ತದೆ. ಹಿಂಡಿದ ಕೂಡಲೇ ದುಂಡುತುದಿಯ ಕಡ್ಡಿಯಿಂದ ಒತ್ತಿ ಎಳೆಯಿರಿ. ಮೇಲ್ಮೈ ತುಸು ತಗ್ಗಾಗಿ, ಸೀಲಂಟ್ ಎರಡೂ ಅಂಚಿಗೆ ಕಚ್ಚಿಕೊಳ್ಳಬೇಕು.

ನಡುವಿನ ಖಾಲಿ ಜಾಗಕ್ಕೆ ಫೋಮ್ ಹಾಕುವುದಾದರೆ ಪಕ್ಕಗಳಿಗೆ ಮತ್ತು ಮೇಲಕ್ಕಷ್ಟೇ, ಅದೂ ಕಡಿಮೆ ಉಬ್ಬುವ ಬಗೆಯದು. ಹೆಚ್ಚಾದರೆ ಚೌಕಟ್ಟು ಒಳಕ್ಕೆ ಬಾಗಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಫೋಮ್ ನೀರಿಗೆ ತಡೆಯೆಂದು ನಂಬಬೇಡಿ.

ಹೊರಬದಿಯಲ್ಲಿ ಎಡ, ಬಲ, ಮೇಲೆ ಇದೇ ರೀತಿ ಹಗ್ಗ ಮತ್ತು ಸೀಲಂಟ್. ಕೆಳಗೆ ಏನೂ ಇಲ್ಲ. ಕೆಲಸ ಮುಗಿಸಿದವರಿಗೆ ಆ ತೆರೆದ ಸಂದು ಕಣ್ಣಿಗೆ ಚುಚ್ಚುತ್ತದೆ, ಬಣ್ಣ ಹಚ್ಚುವವರು ಪುಟ್ಟಿ ಮೆತ್ತಿ ಮುಚ್ಚಿಬಿಡುತ್ತಾರೆ. ಅವರಿಗೆ ಮುಂಚೆಯೇ ಹೇಳಿಡಿ. ಲಿಂಟಲ್‌ನ (ಕಿಟಕಿಯ ಮೇಲಿನ ಅಡ್ಡತೊಲೆಯ) ಅಡಿಗೂ ಸಿಲ್‌ಗೆ ಕೊರೆದಂಥದೇ ತೋಡು ಬೇಕು.

ನೀರು ಹಾಯಿಸಿ ನೋಡಿ

ಒಳಗಿನ ಬಣ್ಣಕ್ಕೆ ಮುಂಚೆ ಪೈಪ್ ಹಿಡಿದು ಪರೀಕ್ಷಿಸಿ. ಸಿಲ್‌ನಿಂದ ಆರಂಭಿಸಿ, ಆಮೇಲೆ ಪಕ್ಕಗಳು, ಕೊನೆಗೆ ಮೇಲ್ಭಾಗ. ಒಂದೊಂದು ಕಡೆ ಹತ್ತು ನಿಮಿಷ. ಮೇಲಿನಿಂದ ಶುರುಮಾಡಿದರೆ ಎಲ್ಲೆಡೆ ನೀರು ಇಳಿದು, ಸೋರಿದ ಜಾಗ ಯಾವುದೆಂದು ತಿಳಿಯುವುದೇ ಇಲ್ಲ. ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಂತಿರಲಿ. ಕೆಳಮೂಲೆ ಒದ್ದೆಯಾದರೆ ತುದಿಕಟ್ಟೆಯನ್ನೋ ಮೂಲೆಯ ಲೇಪನವನ್ನೋ ಅನುಮಾನಿಸಿ. ಸಿಲ್‌ನ ನಡುವೆ ಒಂದು ಚುಕ್ಕೆ ಕಂಡರೆ ಯಾರೋ ಸ್ಕ್ರೂ ಹಾಕಿದ್ದಾರೆ. ಮೇಲಿನಿಂದ ಇಳಿದರೆ ಲಿಂಟಲ್‌ನ ತೋಡು ನೋಡಿ. ಪೈಪಿನ ನೀರಿಗೆ ಗಾಳಿಯ ಒತ್ತಡ ಇರುವುದಿಲ್ಲವಾದ್ದರಿಂದ, ಎತ್ತರದ ಕಟ್ಟಡಗಳಲ್ಲಿ ಕಿಟಕಿಯ ಒಳಬದಿಗೆ ಗಾಳಿಬಿಗಿ ಪೆಟ್ಟಿಗೆ ಕಟ್ಟಿ, ಅದರ ಗಾಳಿ ಎಳೆದು ಒತ್ತಡದ ವ್ಯತ್ಯಾಸ ಹುಟ್ಟಿಸುತ್ತಾರೆ. ಹೊರಗಿನಿಂದ ಚದರ ಮೀಟರಿಗೆ ನಿಮಿಷಕ್ಕೆ 3.4 ಲೀಟರ್ ನೀರು ಸಿಂಪಡಿಸುವ ಎಎಸ್‌ಟಿಎಂ (ಪರೀಕ್ಷಾ ಮಾನದಂಡಗಳನ್ನು ರೂಪಿಸುವ ಸಂಸ್ಥೆ) ಇ1105 ಪರೀಕ್ಷೆ ಇದೇ.

ಈಗಾಗಲೇ ಸೋರುತ್ತಿರುವ ಕಿಟಕಿಯಾದರೆ ಮೊದಲು ಹೊರಗಿನ ಕೆಳಸಂದಿನ ಸಿಲಿಕೋನನ್ನು ಚಾಕುವಿನಿಂದ ಕೊಯ್ದು ತೆಗೆಯಿರಿ, ನೀರುಕಿಂಡಿಗಳನ್ನು ತಂತಿಯಿಂದ ಬಿಡಿಸಿ, ಒಳಬದಿಗೆ ಹೊಸ ಸೀಲಂಟ್ ಕೊಡಿ. ಇಷ್ಟಾದ ಮೇಲೂ ಕಲೆ ಮರಳಿದರೆ ಚೌಕಟ್ಟು ಬಿಚ್ಚಿ ಸಿಲ್‌ನಿಂದಲೇ ಶುರುಮಾಡಬೇಕು.