ಹಳೆಯ ಜಿಪ್ಪೊ ಕೈಗೆ ಸಿಕ್ಕರೆ: ಮೊದಲು ತಳ ಓದಿ, ಆಮೇಲೆ ಕಲ್ಲು ಬಿಡಿಸಿ

ಅಜ್ಜನ ಟ್ರಂಕಿನಲ್ಲೋ, ಗಲ್ಫಿನಿಂದ ಬಂದ ಮಾವನ ಸಾಮಾನಿನ ನಡುವೆಯೋ, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹಾಸಿದ ತಾಡಪಾಲಿನ ಮೇಲೋ ಒಂದು ಪೆಟ್ರೋಲ್ ಲೈಟರ್ ಸಿಗುತ್ತದೆ. ಮೂಲೆಗಳು ಸವೆದಿವೆ, ಚಕ್ರ ತಿರುಗುತ್ತಿಲ್ಲ. ಮಾರುವವನು ‘ಎರಡನೇ ಮಹಾಯುದ್ಧದ ಪೀಸು ಸಾರ್’ ಎನ್ನುತ್ತಾನೆ. ವಾದಕ್ಕೆ ಇಳಿಯಬೇಡಿ. ಲೈಟರನ್ನು ಬೋರಲು ಹಾಕಿ ತಳ ನೋಡಿ.

ಹಳೆಯ ಲೈಟರುಗಳಲ್ಲಿ ಹೊಸಬರು ಜಿಪ್ಪೊದಿಂದಲೇ ಶುರುಮಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ರಾನ್ಸನ್, ಡನ್‌ಹಿಲ್, ಆಸ್ಟ್ರಿಯಾದ ಇಮ್ಕೊ ಎಲ್ಲವೂ ಚೆಂದವೇ. ಆದರೆ ತನ್ನ ವಯಸ್ಸನ್ನು ತಾನೇ ಇಷ್ಟು ಸಲೀಸಾಗಿ ಹೇಳಿಕೊಳ್ಳುವ ಲೈಟರ್ ಇನ್ನೊಂದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನಲ್ಲಿ ಜಾರ್ಜ್ ಬ್ಲೈಸ್‌ಡೆಲ್ 1932ರಲ್ಲಿ ಜಿಪ್ಪೊ ಕಂಪನಿ ಕಟ್ಟಿದರು. ಆಸ್ಟ್ರಿಯಾದ ಒಂದು ಲೈಟರ್ ಗಾಳಿಗೆ ಆರುತ್ತಿರಲಿಲ್ಲ, ಆದರೆ ಅದನ್ನು ಹಚ್ಚಲು ಎರಡೂ ಕೈ ಬೇಕಿತ್ತು. ಇವರು ಮುಚ್ಚಳಕ್ಕೆ ಕೀಲು ಕೂಡಿಸಿ ಒಂದೇ ಕೈಯಲ್ಲಿ ಹಚ್ಚುವಂತೆ ಮಾಡಿದರು. ಮೊದಲ ಲೈಟರಿನ ಬೆಲೆ 1.95 ಡಾಲರ್. ಕೆಟ್ಟರೆ ಯಾವತ್ತಿದ್ದರೂ ಪುಕ್ಕಟೆ ರಿಪೇರಿ ಎಂಬ ಮಾತು ಬೇರೆ.

ತಳ ಓದುವುದು ಹೀಗೆ. ಪೇಟೆಂಟ್ ಸಂಖ್ಯೆ 2032695 ಎಂದಿದ್ದರೆ ಅದು 1936ಕ್ಕಿಂತ ಹಿಂದಿನದಲ್ಲ. 2517191 ಎಂದಿದ್ದರೆ 1950ರ ಈಚಿನದು. 1950ರ ದಶಕದ ಕೊನೆಯ ಹೊತ್ತಿಗೆ ತಳದಲ್ಲಿರುವ ಜಿಪ್ಪೊ ಹೆಸರಿನ ಎಡಬಲಕ್ಕೆ ಚುಕ್ಕೆಗಳು ಬಂದವು, 1965ರವರೆಗೂ ಇದ್ದವು. 1966ರಿಂದ 1973ರವರೆಗೆ ನೆಟ್ಟಗಿನ ಗೀಟು, 1974ರಿಂದ 1981ರವರೆಗೆ ಬಲಕ್ಕೆ ವಾಲಿದ ಗೀಟು, ಆಮೇಲೆ 1986ರವರೆಗೆ ಎಡಕ್ಕೆ ವಾಲಿದ ಗೀಟು. ವರ್ಷ ಹೋದಂತೆ ಗೀಟುಗಳು ಕಡಿಮೆಯಾಗುತ್ತವೆ: 1966ರಲ್ಲಿ ಆ ಕಡೆ ನಾಲ್ಕು, ಈ ಕಡೆ ನಾಲ್ಕು, 1967ರಲ್ಲಿ ಬಲಗಡೆ ಒಂದು ಕಮ್ಮಿ, 1973ಕ್ಕೆ ಎಡಗಡೆ ಒಂದೇ ಒಂದು ಗೀಟು. 1986ರ ನಡುವಿನಿಂದ ಎಡಕ್ಕೆ ತಿಂಗಳಿನ ಅಕ್ಷರ (ಜನವರಿಗೆ ಎ, ಡಿಸೆಂಬರಿಗೆ ಎಲ್), ಬಲಕ್ಕೆ ರೋಮನ್ ಅಂಕಿ. 1986 ಅಂದರೆ ರೋಮನ್ ಎರಡು, 2000 ಅಂದರೆ ಹದಿನಾರು. 2001ರಿಂದ ಮಾಮೂಲಿ ಅಂಕಿಯೇ ಬಂತು.

ಯುದ್ಧದ ಕಥೆ ಹೇಳಿದವನಿಗೆ ಇನ್ನೂ ಒಂದು ಪರೀಕ್ಷೆ ಇದೆ. ಎರಡನೇ ಮಹಾಯುದ್ಧದಲ್ಲಿ ಹಿತ್ತಾಳೆ ಮದ್ದುಗುಂಡಿಗೆ ಹೋಯಿತು. ಹಾಗಾಗಿ ಸೈನಿಕರಿಗೆಂದು ಮಾಡಿದ ಜಿಪ್ಪೊದ ಹೊರಕವಚ ಉಕ್ಕಿನದು, ಅದರ ಮೇಲೆ ಬಿರುಕುಬಿರುಕಾಗಿ ಕಾಣುವ ಕಪ್ಪು ಬಣ್ಣ. ಜೇಬಿನಲ್ಲೊಂದು ಪುಟ್ಟ ಅಯಸ್ಕಾಂತ ಇರಲಿ. ಒಳಗಿನ ಯಂತ್ರವನ್ನು ಮೇಲಕ್ಕೆಳೆದು ತೆಗೆದು, ಬರೀ ಹೊರಕವಚಕ್ಕೆ ಹಿಡಿಯಿರಿ. ಒಳಗಿನ ಸ್ಪ್ರಿಂಗು ಅಯಸ್ಕಾಂತಕ್ಕೆ ಅಂಟಿ ದಾರಿ ತಪ್ಪಿಸಬಾರದಲ್ಲ. ಅಂಟದಿದ್ದರೆ ಯುದ್ಧದ ಕಥೆಗೆ ದುಡ್ಡು ಕೊಡಬೇಡಿ. ಅಂಟಿದ ಮಾತ್ರಕ್ಕೂ ಕುಣಿಯಬೇಡಿ, ಕೊರಿಯಾ ಯುದ್ಧದ ಕಾಲದಲ್ಲೂ ಉಕ್ಕಿನ ಕವಚಗಳು ಬಂದಿವೆ. 1941ರ ಮಾದರಿಯನ್ನು ಕಂಪನಿಯೇ ಮತ್ತೆ ಮಾಡಿ ಮಾರುತ್ತದೆ, ಅದರ ತಳದಲ್ಲಿ ಈಗಿನ ವರ್ಷವೇ ಇರುತ್ತದೆ.

ವಿಯೆಟ್ನಾಂ ಯುದ್ಧದ ಸೈನಿಕರ ಹೆಸರು, ಘೋಷಣೆ ಕೆತ್ತಿದ ಲೈಟರುಗಳಲ್ಲಿ ನಕಲಿಯೇ ಜಾಸ್ತಿ. ಕವಚವೆಲ್ಲ ಸವೆದಿದ್ದು ಕೆತ್ತನೆಯ ಅಂಚು ಮಾತ್ರ ಚೂಪಾಗಿದ್ದರೆ ಆ ಕೆತ್ತನೆ ಮೊನ್ನೆಮೊನ್ನೆಯದು. ಆದರೆ ಹೊರಕವಚ ಹಳೆಯದಾಗಿ ಒಳಗಿನ ಯಂತ್ರ ಹೊಸದಾಗಿದ್ದರೆ ಮೋಸ ಎಂದು ಹಾರಾಡಬೇಡಿ. ಪುಕ್ಕಟೆ ರಿಪೇರಿಗೆ ಹೋದಾಗ ಕಂಪನಿಯವರು ಒಳಭಾಗವನ್ನೇ ಬದಲಿಸಿ ಕಳಿಸಿರಬಹುದು. ಬೆಲೆ ಕಮ್ಮಿ ಕೇಳಿ, ಅಷ್ಟೆ.

ಮನೆಗೆ ತಂದ ಮೇಲೆ ಕೈ ತಾನಾಗಿ ಬ್ರಾಸೊ ಡಬ್ಬಿಯತ್ತ ಹೋಗುತ್ತದೆ. ದಯವಿಟ್ಟು ಬೇಡ. ಕ್ರೋಮ್ ಸವೆದು ಮೂಲೆಯಲ್ಲಿ ಹಿತ್ತಾಳೆ ಇಣುಕುವುದೇ ಅದರ ವಯಸ್ಸು. ತಿಕ್ಕಿ ಹೊಳೆಸಿದ ಲೈಟರಿಗೆ ಸಂಗ್ರಾಹಕರು ಮೂಗು ಮುರಿಯುತ್ತಾರೆ. ಸೋಪು ನೀರು, ಹಳೆಯ ಟೂತ್‌ಬ್ರಷ್, ಒಣಬಟ್ಟೆ ಸಾಕು.

ನಿಜವಾದ ಕೆಲಸ ಇರುವುದು ಕಲ್ಲಿನಲ್ಲಿ. ಅಂಗಡಿಯಲ್ಲಿ ‘ಲೈಟರ್ ಕಲ್ಲು’ ಎಂದು ಕೇಳಿ ತರುವ ಈ ತುಂಡು ಕಲ್ಲೇ ಅಲ್ಲ, ಸೀರಿಯಂ ಮತ್ತು ಕಬ್ಬಿಣದ ಮಿಶ್ರಲೋಹ. ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಜೇಬಿನ ಲೈಟರ್ ಅಗ್ಗವಾದದ್ದು ಆಮೇಲೆಯೇ. ಅದಕ್ಕೂ ಮೊದಲು, 1823ರಲ್ಲಿ ಜರ್ಮನಿಯ ಡೋಬರೈನರ್ ಸತು ಮತ್ತು ಆಮ್ಲದಿಂದ ಜಲಜನಕ ಹುಟ್ಟಿಸಿ, ಪ್ಲಾಟಿನಂ ತಾಕಿಸಿ ದೀಪ ಹೊತ್ತಿಸಿದ್ದರು. ಜಾನ್ ವಾಕರ್ ಗೀರುವ ಬೆಂಕಿಕಡ್ಡಿ ಮಾಡಿದ್ದು 1826ರಲ್ಲಿ. ಅಂದರೆ ಗೀರುವ ಬೆಂಕಿಕಡ್ಡಿಗಿಂತ ಲೈಟರೇ ಹಿರಿಯ!

ಈ ಲೋಹ ವರ್ಷಗಟ್ಟಲೆ ಹಾಗೇ ಬಿಟ್ಟರೆ ಗಾಳಿಯ ತೇವಕ್ಕೆ ನೆನೆಸಿಟ್ಟ ಕಡಲೆಯಂತೆ ಉಬ್ಬಿ ಕೊಳವೆಯಲ್ಲಿ ಕಚ್ಚಿಕೊಳ್ಳುತ್ತದೆ. ಚಕ್ರ ತಿರುಗದಿರುವುದಕ್ಕೆ ಬಹಳಷ್ಟು ಸಲ ಇದೇ ಕಾರಣ. ಒಳಯಂತ್ರವನ್ನು ಹೊರಗೆಳೆದು ತಲೆಕೆಳಗು ಮಾಡಿದರೆ ಹತ್ತಿಯ ಮೇಲೆ ಉಣ್ಣೆಯ ದಪ್ಪ ತುಂಡೊಂದು, ಪಕ್ಕದಲ್ಲಿ ಸ್ಕ್ರೂ ಕಾಣುತ್ತವೆ. ಸ್ಕ್ರೂವನ್ನು ಹೆಬ್ಬೆರಳಿನಿಂದ ಅದುಮಿಕೊಂಡೇ ಬಿಚ್ಚಿ; ಅದರ ಬಾಲಕ್ಕಿರುವ ಉದ್ದನೆಯ ಸ್ಪ್ರಿಂಗ್ ಚಿಮ್ಮಿ ಮಂಚದಡಿ ಸೇರಿದರೆ ಆ ದಿನ ಕಸ ಗುಡಿಸುವುದರಲ್ಲೇ ಕಳೆಯುತ್ತದೆ. ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ. ಕಲ್ಲು ಬೀಳದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಎರಡು ತೊಟ್ಟು ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಕೊಳವೆಗಿಂತ ಕೊಂಚ ಸಣ್ಣ ಡ್ರಿಲ್ ಬಿಟ್ಟನ್ನು ಕೈಬೆರಳಲ್ಲೇ ತಿರುಗಿಸುತ್ತ ಹೋದರೆ ಬೂದುಬಣ್ಣದ ಪುಡಿ ಉದುರತೊಡಗುತ್ತದೆ. ಡ್ರಿಲ್ ಮಷಿನ್ ಹಾಕಬೇಡಿ, ಕೊಳವೆಯ ಗೋಡೆ ತೆಳು. ಹೊಸ ಕಲ್ಲು ಹಾಕುವ ಮುಂಚೆ ಉಣ್ಣೆಯ ತುಂಡನ್ನೊಮ್ಮೆ ಎತ್ತಿ ನೋಡಿ. ಹಳಬರು ಒಂದು ಕಲ್ಲನ್ನು ಅದರಡಿ ಬಚ್ಚಿಟ್ಟಿರುತ್ತಾರೆ.

ಬತ್ತಿಯ ತುದಿ ಕರಿಕಾಗಿದ್ದರೆ ಇಕ್ಕಳದಿಂದ ಚೂರು ಮೇಲಕ್ಕೆಳೆದು ಕರಿಕನ್ನು ಕತ್ತರಿಸಿ. ತುಂಬುವುದು ಲೈಟರ್ ಫ್ಲೂಯಿಡ್ ಮಾತ್ರ, ಬಂಕಿನ ಪೆಟ್ರೋಲ್ ಅಲ್ಲ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಕೂತು ಹತ್ತಿ ನೆನೆಯುವಷ್ಟು ಬಿಡಿ. ಕೈ, ಕವಚ ಎರಡನ್ನೂ ಒರೆಸಿ ಒಣಗಿದ ಮೇಲೆಯೇ ಚಕ್ರ ತಿರುಗಿಸಿ. ಸೋರುವ ಲೈಟರ್ ಪ್ಯಾಂಟ್ ಜೇಬಿನಲ್ಲಿದ್ದರೆ ತೊಡೆಯ ಚರ್ಮ ಉರಿಯುತ್ತದೆ.

ಕಪಾಟಿನಲ್ಲಿಡುವ ಲೈಟರಿಗೆ ಇದೊಂದೂ ಬೇಡ. ಕಲ್ಲು ತೆಗೆದು, ಹತ್ತಿ ಒಣಗಿಸಿ ಇಡಿ. (ಸಿಗರೇಟು ಬಿಟ್ಟವರೇ ಲೈಟರ್ ಹೆಚ್ಚು ಕೂಡಿಹಾಕುತ್ತಾರೆ ಎಂಬುದು ನನ್ನ ಗುಮಾನಿ.) ವಿದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸುವವರು ವಿಮಾನಯಾನ ಸಂಸ್ಥೆಯ ನಿಯಮವನ್ನು ಮೊದಲೇ ಓದಿಕೊಳ್ಳಲು ಹೇಳಿ. ನಮ್ಮ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದ ಲೈಟರ್ ಕಸದ ಬುಟ್ಟಿಗೇ ಹೋಗುತ್ತದೆ. ಅದು 1966ರದ್ದೋ 2006ರದ್ದೋ ಎಂದು ತಳ ತಿರುಗಿಸಿ ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.