ಮಿಲ್ಲಿನ ಬಿಡಿಭಾಗಕ್ಕೆ ಮೇಲ್ ಹಾಕುವಾಗ: ಉತ್ತರ ಬರುವಂತೆ ಬರೆಯುವುದು ಹೇಗೆ?

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಎಣ್ಣೆ ಹಿಂಡುವ ಯಂತ್ರವಾದ ಎಕ್ಸ್‌ಪೆಲ್ಲರ್‌ನ ವರ್ಮ್, ಅಂದರೆ ಬೀಜವನ್ನು ಒತ್ತುತ್ತಾ ಮುಂದೆ ತಳ್ಳುವ ಸುರುಳಿ ಭಾಗ, ಸವೆದಿದೆ. ದಾವಣಗೆರೆ ಅಂಗಡಿಗಳಲ್ಲಿ ಆ ಮಾಡೆಲ್ಲಿನದು ಸಿಗುತ್ತಿಲ್ಲ. ಮಾಡುವವರು ಲುಧಿಯಾನದಲ್ಲೋ ರಾಜ್‌ಕೋಟ್‌ನಲ್ಲೋ ಇರುವ ಮೂರ್ನಾಲ್ಕು ಜನರ ವರ್ಕ್‌ಶಾಪು. ಅಂಥ ಕಡೆ ಮೇಲ್ ನೋಡಲೆಂದೇ ಒಬ್ಬರು ಕೂತಿರುವುದಿಲ್ಲ. ಹಗಲೆಲ್ಲ ಲೇಥಿನ ಮುಂದೆ ನಿಂತ ಮಾಲೀಕರೇ ಸಂಜೆ ಕೈ ತೊಳೆದುಕೊಂಡು ಮೊಬೈಲ್‌ನಲ್ಲಿ ನೋಡುತ್ತಾರೆ. ಓದಿದ ಕೂಡಲೇ ರೇಟು ಹೇಳಬಹುದಾದ ಮೇಲ್‌ಗೆ ಆಗಲೇ ಉತ್ತರ ಹೋಗುತ್ತದೆ. ‘ಯಾವ ಸೈಜು?’ ಎಂದು ತಿರುಗಿ ಕೇಳಬೇಕಾದದ್ದು ನಾಳೆಗೆ ಉಳಿಯುತ್ತದೆ, ನಾಳೆ ಅದರ ಮೇಲೆ ಬೇರೆಯವು ಬಂದು ಕೂರುತ್ತವೆ.

ಹಾಗಾಗಿ ಮೊದಲು ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಉಪಕರಣ) ಹಿಡಿಯಿರಿ, ಆಮೇಲೆ ಮೊಬೈಲ್. ನೇಮ್‌ಪ್ಲೇಟಿನ ಜಿಡ್ಡು ಒರೆಸಿ ಮಾಡೆಲ್, ಸೀರಿಯಲ್ ನಂಬರ್ ಬರೆದುಕೊಳ್ಳಿ. ವರ್ಮ್ ಆದರೆ ಒಳರಂಧ್ರ, ಹೊರವ್ಯಾಸ, ಉದ್ದ, ಕೀ-ವೇ (ಶಾಫ್ಟಿಗೆ ಬಿಗಿಯುವ ಕೀ ಕೂರುವ ಸೀಳು) ಅಗಲ ಮತ್ತು ಆಳ, ಸುರುಳಿ ಎಡಕ್ಕೋ ಬಲಕ್ಕೋ, ಶಾಫ್ಟಿನಲ್ಲಿ ಎಷ್ಟನೆಯದು ಎನ್ನುವುದೆಲ್ಲ ಬೇಕು. ಎಲ್ಲ ಅಳತೆಯೂ ಮಿಲಿಮೀಟರ್‌ನಲ್ಲಿರಲಿ. ಹೆಚ್ಚಿನವರು ಎಡವುವುದು ಹೊರವ್ಯಾಸದಲ್ಲಿ: ಸವೆದ ಅಳತೆಯನ್ನೇ ಕೊಟ್ಟರೆ ಹೊಸದೂ ಸವೆದ ಸೈಜಿಗೇ ತಯಾರಾಗಿ ಬರುತ್ತದೆ. ಅಂಕಿಯ ಪಕ್ಕ ‘ಸವೆದಿದೆ’ ಎಂದು ಬರೆಯಿರಿ.

ಬೇರಿಂಗ್‌ಗೆ ಇಷ್ಟೆಲ್ಲ ಬೇಡ, ಅದರ ಮೈಮೇಲಿನ ನಂಬರ್ ಸಾಕು. 6205 ಎಂದರೆ ಒಳಗೆ 25, ಹೊರಗೆ 52, ಅಗಲ 15 ಮಿ.ಮೀ. ಆದರೆ ನಂಬರಿನ ನಂತರದ ಅಕ್ಷರ ಬಿಡಬೇಡಿ: ‘ಝಡ್‌ಝಡ್’ ಇದ್ದರೆ ಎರಡೂ ಕಡೆ ತಗಡಿನ ಮುಚ್ಚಳ, ‘2ಆರ್‌ಎಸ್’ ಇದ್ದರೆ ರಬ್ಬರಿನದು. ಹಿಟ್ಟು, ಧೂಳು ಹಾರುವ ಗಿರಣಿಗೆ ಈ ವ್ಯತ್ಯಾಸ ದೊಡ್ಡದು. ಬೆಲ್ಟಿಗೂ ಹಾಗೆಯೇ, ಬಿ-62 ಎಂದರೆ ಮೇಲಗಲ 17 ಮಿ.ಮೀ., ಒಳ ಉದ್ದ 62 ಇಂಚು. ಹಳೇ ಬೆಲ್ಟು ಹಿಗ್ಗಿರುತ್ತದೆ, ಟೇಪ್ ಹಿಡಿದು ಅಳೆದರೆ ತಪ್ಪುತ್ತೀರಿ. ಬೆಲ್ಟಿನ ಮೇಲಿನ ನಂಬರ್ ಅಳಿಸಿದ್ದರೆ ಎರಡೂ ಪುಲ್ಲಿಗಳ ವ್ಯಾಸ, ಅವುಗಳ ನಡುವಿನ ದೂರ ಕೊಡಿ.

ಫೋಟೊ ಮೂರು ಸಾಕು: ನೇಮ್‌ಪ್ಲೇಟ್, ಪಕ್ಕದಲ್ಲಿ ಸ್ಕೇಲ್ ಇಟ್ಟ ಬಿಡಿಭಾಗ, ಅದು ಕೂರುವ ಜಾಗ. ವಿಡಿಯೊ ಬೇಡ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಅದು ಡ್ರೈವ್ ಲಿಂಕ್ ಆಗಿ ಹೋಗುತ್ತದೆ, ಅನುಮತಿ ಕೊಡುವುದು ಮರೆತರೆ ಅವರಿಗೆ ತೆರೆಯುವುದೇ ಇಲ್ಲ.

ವಿಷಯದ ಸಾಲಿನಲ್ಲಿ ‘ಎನ್‌ಕ್ವೈರಿ’, ‘ಅರ್ಜೆಂಟ್’ ಎಂದು ಹಾಕಿದರೆ ಏನೂ ತಿಳಿಯುವುದಿಲ್ಲ. ಭಾಗದ ಹೆಸರು, ಮಾಡೆಲ್, ಎಷ್ಟು ಬೇಕು, ಯಾವ ಊರು, ಇವಿಷ್ಟಿರಲಿ. ಒಳಗೆ ಹೀಗೆ:

‘ನಮಸ್ಕಾರ ಸರ್. ಚಳ್ಳಕೆರೆಯಲ್ಲಿ ನಮ್ಮ ಶೇಂಗಾ ಎಣ್ಣೆ ಮಿಲ್ಲು ಇದೆ. ನಿಮ್ಮ ಎಕ್ಸ್‌ಪೆಲ್ಲರ್‌ಗೆ 3ನೇ ವರ್ಮ್ 2 ಬೇಕು. ಮಾಡೆಲ್, ಅಳತೆ ಕೆಳಗಿವೆ, ಫೋಟೊ 3 ಹಾಕಿದ್ದೇವೆ. ಒಂದಕ್ಕೆ ರೇಟು ಎಷ್ಟು? ಸ್ಟಾಕ್ ಇಲ್ಲದಿದ್ದರೆ ಎಷ್ಟು ದಿನ? ಚಳ್ಳಕೆರೆ 577522ಕ್ಕೆ ಲಾರಿಗೆ ಹಾಕಿ, ಬಾಡಿಗೆ ಇಲ್ಲಿ ಕೊಡುತ್ತೇವೆ.’

ಕೆಳಗೆ ಮಿಲ್ಲಿನ ಹೆಸರು, ಮೊಬೈಲ್, 15 ಅಂಕಿ-ಅಕ್ಷರದ ಜಿಎಸ್‌ಟಿ ನಂಬರ್. ಅದಿದ್ದರೆ ಕೊಳ್ಳುವ ಗಿರಾಕಿ ಎಂದು ಅವರಿಗೆ ಗೊತ್ತಾಗುತ್ತದೆ. ಹೊರರಾಜ್ಯಕ್ಕೆ ಇದನ್ನೇ ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ವ್ಯಾಕರಣ ತಪ್ಪಿದರೂ ನಡೆಯುತ್ತದೆ, ಅಂಕಿ ತಪ್ಪಬಾರದು. ಹತ್ತು ವರ್ಕ್‌ಶಾಪ್‌ಗಳ ವಿಳಾಸವನ್ನು ಒಂದೇ ಮೇಲ್‌ನಲ್ಲಿ ಸೇರಿಸಬೇಡಿ. ಬರೀ ರೇಟು ಕೇಳುವವರು ಎಂದು ಹತ್ತೂ ಜನ ಸುಮ್ಮನಾಗುತ್ತಾರೆ.

ಮೂರು ಕೆಲಸದ ದಿನ ಕಾಯಿರಿ. ಹಬ್ಬದ ವಾರವಾದರೆ ಇನ್ನೂ ಎರಡು. ಆಮೇಲೆ ಹೊಸ ಮೇಲ್ ಬೇಡ, ಹಳೆಯದಕ್ಕೇ ‘ರಿಪ್ಲೈ’ ಒತ್ತಿ ಒಂದು ಸಾಲು ಬರೆಯಿರಿ, ಅಳತೆ ಅದರ ಕೆಳಗೇ ಇರುತ್ತದೆ. ಅದಕ್ಕೂ ಸುದ್ದಿಯಿಲ್ಲದಿದ್ದರೆ ಲೇಥಿನ ಸದ್ದು ನಿಂತಿರುವ ಮಧ್ಯಾಹ್ನದ ಹೊತ್ತಿಗೆ ಫೋನ್ ಮಾಡಿ. ಫೋನಲ್ಲಿ ಹೇಳಿದ ರೇಟು, ದಿನ ಎರಡನ್ನೂ ಅದೇ ಮೇಲ್‌ಗೆ ಬರೆದು ಕಳಿಸಿ, ‘ಸರಿ’ ಎಂದು ಉತ್ತರ ಬಂದ ಮೇಲೆ ಅಡ್ವಾನ್ಸ್ ಹಾಕಿ.